ಆಟೊಫೇಜಿ ಅಳೆಯಲು ಯಾವ ವಿಧಾನ? ನಿಮ್ಮ ಪ್ರಶ್ನೆ ನೋಡಿ, ಲ್ಯಾಬ್ ನೋಡಿ, ಆರಿಸಿಕೊಳ್ಳಿ

ಎಲ್‌ಸಿ3 ಅನ್ನುವ ಪ್ರೋಟೀನಿನ ಬ್ಯಾಂಡ್ ದಪ್ಪಗೆ ಬಂತು ಅಂದ ಮಾತ್ರಕ್ಕೆ ಆಟೊಫೇಜಿ, ಅಂದರೆ ಕೋಶ ತನ್ನದೇ ಕಸ ಕರಗಿಸಿಕೊಳ್ಳುವ ಕೆಲಸ, ಜಾಸ್ತಿ ಆಯಿತು ಅಂತ ಬರೆಯಬೇಡಿ. ಈ ಒಂದು ಮಾತಿಗಾಗಿಯೇ ಇಷ್ಟುದ್ದ ಬರೆಯಲು ಕೂತಿದ್ದೇನೆ. ಧಾರವಾಡ, ಬೆಳಗಾವಿ, ಕಲಬುರಗಿ ಕಡೆ ಎಂಎಸ್ಸಿ ಮುಗಿಸಿ ಪುಣೆಯ ಲ್ಯಾಬ್‌ಗಳಿಗೆ ಪ್ರಾಜೆಕ್ಟ್‌ಗೋ ಪಿಎಚ್‌ಡಿಗೋ ಬರುವ ನಮ್ಮ ಹುಡುಗ ಹುಡುಗಿಯರು ಮೊದಲ ಲ್ಯಾಬ್ ಮೀಟಿಂಗ್‌ನಲ್ಲಿ ತೋರಿಸುವ ಚಿತ್ರ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಎಡಕ್ಕೆ ಕಂಟ್ರೋಲ್, ಬಲಕ್ಕೆ ಡ್ರಗ್, ಬಲಗಡೆಯ ಬ್ಯಾಂಡ್ ದಪ್ಪ, ಕೆಳಗೆ ‘ಆಟೊಫೇಜಿ ಇಂಡ್ಯೂಸ್ ಆಗಿದೆ’ ಅನ್ನುವ ಸಾಲು. ಆ ಸಾಲು ನಿಜ ಇರಬಹುದು, ಪೂರ್ತಿ ಉಲ್ಟಾ ಕೂಡ ಇರಬಹುದು. ಆ ಚಿತ್ರವೊಂದನ್ನೇ ನೋಡಿ ಹೇಳಲು ಬರುವುದಿಲ್ಲ.

ಯಾಕೆ ಅಂತ ಮೊದಲು ನೋಡೋಣ. ಕೋಶ ತನ್ನದೇ ಹಳೆಯ ಪ್ರೋಟೀನು, ಕೆಟ್ಟ ಮೈಟೊಕಾಂಡ್ರಿಯ ಇವನ್ನೆಲ್ಲ ಎರಡು ಪದರದ ಪೊರೆಯ ಚೀಲದಲ್ಲಿ ಕಟ್ಟುತ್ತದೆ. ಇದು ಆಟೊಫೇಗೊಸೋಮ್. ಆಮೇಲೆ ಈ ಚೀಲ ಲೈಸೊಸೋಮ್, ಅಂದರೆ ಒಳಗೆ ಹುಳಿ ಇರುವ ಕರಗಿಸುವ ಚೀಲದ ಜೊತೆ ಕೂಡಿಕೊಳ್ಳುತ್ತದೆ, ಒಳಗಿದ್ದದ್ದು ಕರಗಿ ಅಮೈನೊ ಆಮ್ಲಗಳಾಗಿ ವಾಪಸ್ ಬರುತ್ತದೆ. ಇದಕ್ಕೆ ಬೇಕಾದ ಜೀನುಗಳನ್ನು ಯೀಸ್ಟ್‌ನಲ್ಲಿ ಹುಡುಕಿದ ಯೊಶಿನೋರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು. ಅಂಥ ಜೀನುಗಳಲ್ಲಿ ಒಂದಾದ ಯೀಸ್ಟ್‌ನ ಎಟಿಜಿ8ಕ್ಕೆ ನಮ್ಮ ಕೋಶಗಳಲ್ಲಿ ಜೋಡಿಯಾದದ್ದು ಎಲ್‌ಸಿ3 ಅಂತ ಗೊತ್ತಾದದ್ದು 2000ದಲ್ಲಿ. ಸೈಟೊಸಾಲ್‌ನಲ್ಲಿ, ಅಂದರೆ ಕೋಶದೊಳಗಿನ ದ್ರವದಲ್ಲಿ, ಸುಮ್ನೆ ತೇಲುವ ರೂಪ ಎಲ್‌ಸಿ3-1. ಅದಕ್ಕೆ ಫಾಸ್ಫಟಿಡಿಲ್ ಎಥನೊಲಮೀನ್ ಅನ್ನುವ ಕೊಬ್ಬು ಅಂಟಿ ಚೀಲದ ಪೊರೆಗೆ ಹತ್ತಿಕೊಂಡರೆ ಅದು ಎಲ್‌ಸಿ3-2. ನಾವು ಬ್ಲಾಟ್‌ನಲ್ಲಿ, ಅಂದರೆ ಪ್ರೋಟೀನನ್ನು ಜೆಲ್‌ನಲ್ಲಿ ಓಡಿಸಿ ಆಂಟಿಬಾಡಿಯಿಂದ ಬ್ಯಾಂಡಾಗಿ ಕಾಣುವ ವಿಧಾನದಲ್ಲಿ, ಎಣಿಸುವುದು ಈ ಎರಡನೆಯದನ್ನು.

ಈಗ ತೊಂದರೆ ಎಲ್ಲಿ? ಚೀಲ ಲೈಸೊಸೋಮ್ ಸೇರಿದಾಗ ಅದರ ಒಳಗೋಡೆಯ ಎಲ್‌ಸಿ3-2 ಕೂಡ ಕರಗುತ್ತದೆ. ಹಾಗಾಗಿ ಯಾವುದೇ ಕ್ಷಣದಲ್ಲಿ ಎಷ್ಟು ಎಲ್‌ಸಿ3-2 ಇದೆ ಅನ್ನುವುದು ಹೊಸದಾಗಿ ಆದದ್ದು ಮತ್ತು ಕರಗಿ ಹೋದದ್ದು, ಇವೆರಡರ ನಡುವೆ ಉಳಿದದ್ದು ಅಷ್ಟೇ. ಪುಣೆಯಿಂದ ಬೆಳಗಾವಿ ಬಸ್ಸಿನಲ್ಲಿ ಊರಿಗೆ ಹೋಗುವವರಿಗೆಲ್ಲ ಖೇಡ್ ಶಿವಾಪುರದ ಟೋಲ್ ನಾಕಾ ಗೊತ್ತು. ಅಲ್ಲಿ ಗಾಡಿಗಳ ಸಾಲು ಉದ್ದ ಇದೆ ಅಂದರೆ ದೀಪಾವಳಿಗೆ ಅಂತ ಜನ ಜಾಸ್ತಿ ಹೊರಟಿರಬಹುದು, ಇಲ್ಲವೇ ಟೋಲ್‌ನ ಎರಡು ಲೇನ್ ಮುಚ್ಚಿರಬಹುದು. ಸಾಲಿನ ಫೋಟೊ ಒಂದನ್ನು ನೋಡಿ ಯಾವುದು ಅಂತ ಹೇಳಲಾಗದು, ಗಂಟೆಗೆ ಎಷ್ಟು ಗಾಡಿ ದಾಟಿದವು ಅಂತ ಎಣಿಸಬೇಕು. ಆಟೊಫೇಜಿಯಲ್ಲಿ ಆ ಲೆಕ್ಕಕ್ಕೆ ಫ್ಲಕ್ಸ್ ಅನ್ನುತ್ತಾರೆ. ವಿಧಾನ ಯಾವುದೇ ಇರಲಿ, ಮೊದಲು ಕೇಳಬೇಕಾದದ್ದು ಇಷ್ಟೇ: ಇದು ಸಾಲಿನ ಫೋಟೊನಾ, ಫ್ಲಕ್ಸಾ?

ವೆಸ್ಟರ್ನ್ ಬ್ಲಾಟ್: ಹೆಚ್ಚಿನವರಿಗೆ ಇದೇ ಮೊದಲು

ನನ್ನ ಸಲಹೆ ಕೇಳಿದರೆ ಶುರು ಇಲ್ಲಿಂದಲೇ ಮಾಡಿ. ಪುಣೆಯಲ್ಲಿ ಬ್ಲಾಟ್ ಸೆಟ್‌ಅಪ್ ಇಲ್ಲದ ಸೆಲ್ ಬಯಾಲಜಿ ಲ್ಯಾಬ್ ಸಿಗುವುದು ಕಷ್ಟ, ಹೊಸ ಸೆಲ್ ಲೈನ್ ಕಟ್ಟಬೇಕಿಲ್ಲ, ಕೋಶದ ಸ್ವಂತ ಎಲ್‌ಸಿ3ಯನ್ನೇ ನೋಡುತ್ತೀರಿ. ಆದರೆ ಎರಡು ಲೇನ್ ಸಾಲದು, ನಾಲ್ಕು ಬೇಕು. ಕಂಟ್ರೋಲ್, ಕಂಟ್ರೋಲ್ ಜೊತೆ ಬಾಫಿಲೊಮೈಸಿನ್, ಡ್ರಗ್, ಡ್ರಗ್ ಜೊತೆ ಬಾಫಿಲೊಮೈಸಿನ್. ಬಾಫಿಲೊಮೈಸಿನ್ ಎ1 ಲೈಸೊಸೋಮಿನ ಪ್ರೋಟಾನ್ ಪಂಪನ್ನು ನಿಲ್ಲಿಸುತ್ತದೆ, ಒಳಗಿನ ಹುಳಿ ಹೋಗುತ್ತದೆ, ಎಲ್‌ಸಿ3-2 ಕರಗದೆ ಕೂಡಿ ಬೀಳುತ್ತದೆ. ಬಾಫಿಲೊಮೈಸಿನ್ ಇರುವ ಲೇನು ಮತ್ತು ಇಲ್ಲದ ಲೇನಿನ ನಡುವಿನ ಅಂತರವೇ ನಿಮ್ಮ ಫ್ಲಕ್ಸ್.

ಲೆಕ್ಕ ಹಾಕಿ ನೋಡಿ, ಉದಾಹರಣೆಗೆ ಅಂತ ಅಂಕಿ ಇಡುತ್ತೇನೆ. ಎಲ್ಲ ಲೇನಿನಲ್ಲೂ ಸಮ ಇರಬೇಕಾದ ಆಕ್ಟಿನ್ ಪ್ರೋಟೀನಿಗೆ ಹೋಲಿಸಿದ ಮೇಲೆ ಕಂಟ್ರೋಲ್ 1, ಕಂಟ್ರೋಲ್‌ಗೆ ಬಾಫಿಲೊಮೈಸಿನ್ ಸೇರಿದರೆ 4 ಬಂತು ಅನ್ನಿ. ಅಂತರ 3. ಡ್ರಗ್ ಹಾಕಿದ ಕೋಶದಲ್ಲಿ 3, ಬಾಫಿಲೊಮೈಸಿನ್ ಸೇರಿದಾಗ 4. ಅಂತರ ಬರೀ 1. ಅಂದರೆ ಡ್ರಗ್ ಒಂದರಿಂದಲೇ ಬ್ಯಾಂಡ್ ಮೂರು ಪಟ್ಟು ಆದರೂ ಒಳಗೆ ಆಗಿದ್ದು ತಡೆ. ಅದೇ ಡ್ರಗ್ 2, ಬಾಫಿಲೊಮೈಸಿನ್ ಜೊತೆ 8 ಬಂದಿದ್ದರೆ ಅಂತರ 6, ಆಗ ನಿಜವಾಗಲೂ ಆಟೊಫೇಜಿ ಏರಿದೆ. ನೋಡಿ, ಬಾಫಿಲೊಮೈಸಿನ್ ಇಲ್ಲದ ಲೇನು ಮಾತ್ರ ನೋಡಿದ್ದರೆ ಮೊದಲ ಡ್ರಗ್ಗೇ ಜೋರು ಅನ್ನಿಸುತ್ತಿತ್ತು, ಅಲ್ವಾ?

ಬಾಫಿಲೊಮೈಸಿನ್ ಸಾಮಾನ್ಯವಾಗಿ 100 ನ್ಯಾನೊಮೋಲಾರ್, ಕೊನೆಯ 2ರಿಂದ 4 ಗಂಟೆ ಮಾತ್ರ. ನಿಮ್ಮ ಕೋಶಕ್ಕೆ ಎಷ್ಟು ಸಾಕು ಅಂತ ಒಮ್ಮೆ ಡೋಸ್ ಹಾಕಿ ನೋಡಿಕೊಳ್ಳಿ, ಯಾಕೆಂದರೆ ಡೋಸ್ ಕಡಿಮೆ ಆಗಿ ತಡೆ ಅರ್ಧಂಬರ್ಧ ಆದರೆ ಮೇಲಿನ ಲೆಕ್ಕವೇ ನಿಲ್ಲುವುದಿಲ್ಲ. ಡ್ರಗ್ 24 ಗಂಟೆ ಕೊಡುತ್ತೀರಿ ಅಂತ ಬಾಫಿಲೊಮೈಸಿನ್ ಕೂಡ 24 ಗಂಟೆ ಇಡಬೇಡಿ, ಕೋಶಗಳು ಸಾಯಲು ಶುರುವಾಗುತ್ತವೆ, ಆಟೊಫೇಜಿಯನ್ನು ಹಿಡಿದಿಡುವ ಎಮ್‌ಟಾರ್ ಸಿಗ್ನಲ್ ಕೂಡ ಏರುಪೇರಾಗುತ್ತದೆ. ಅದು ಮೈಕ್ರೊಗ್ರಾಂ ಲೆಕ್ಕದಲ್ಲಿ ಬರುವ ದುಬಾರಿ ಪುಡಿ. ಡಿಎಂಎಸ್‌ಒದಲ್ಲಿ ಕರಗಿಸಿ, ಚಿಕ್ಕ ಚಿಕ್ಕ ಟ್ಯೂಬಿಗೆ ಹಂಚಿ ಫ್ರೀಜರ್‌ನಲ್ಲಿ ಇಡಿ.

ಕ್ಲೋರೋಕ್ವಿನ್ ಅಗ್ಗ, ಎಲ್ಲ ಕಡೆ ಸಿಗುತ್ತದೆ, ಹಾಗಾಗಿ ಬಹಳ ಲ್ಯಾಬ್‌ಗಳು ಅದನ್ನೇ ಹಾಕುತ್ತವೆ. ಕೆಲಸ ಮಾಡುತ್ತದೆ, ಇಲ್ಲ ಅನ್ನಲ್ಲ. ಆದರೆ ಅದು ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಆಟೊಫೇಗೊಸೋಮೇ ಅಲ್ಲದ, ಒಂದೇ ಪದರದ ಪೊರೆಗಳಿಗೂ ಎಲ್‌ಸಿ3 ಅಂಟುವಂತೆ ಮಾಡಬಲ್ಲದು, ಗಾಲ್ಜಿಯನ್ನೂ ಕೆದಕುತ್ತದೆ. ಬಾಫಿಲೊಮೈಸಿನ್ ಕೊಳ್ಳುವ ದುಡ್ಡು ಇದ್ದರೆ ಅದನ್ನೇ ಕೊಳ್ಳಿ. ದುಡ್ಡು ಉಳಿಸುವುದಾದರೆ ಬೇರೆ ಕಡೆ ಉಳಿಸಿ.

ಬ್ಲಾಟ್ ಮಾಡುವ ಬಗ್ಗೆಯೂ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ವಿಧಾನ ಸರಿ ಆರಿಸಿಯೂ ಜನ ಇಲ್ಲಿ ಎಡವುತ್ತಾರೆ. ಎಲ್‌ಸಿ3-1 ಜೆಲ್‌ನಲ್ಲಿ ಸುಮಾರು 16 ಕಿಲೊಡಾಲ್ಟನ್ ಹತ್ತಿರ, ಎಲ್‌ಸಿ3-2 ಸುಮಾರು 14ರ ಹತ್ತಿರ ಓಡುತ್ತದೆ. ಕೊಬ್ಬು ಅಂಟಿ ತೂಕ ಜಾಸ್ತಿ ಆಗಿದ್ದರೂ ಕೆಳಗಿರುವುದು ಎರಡನೆಯದು, ಅದು ಜೆಲ್‌ನಲ್ಲಿ ಬೇಗ ಓಡುತ್ತದೆ. ಇಷ್ಟು ಸಣ್ಣ ಪ್ರೋಟೀನಿಗೆ 15 ಪರ್ಸೆಂಟ್ ಜೆಲ್ ಅಥವಾ ಗ್ರೇಡಿಯಂಟ್ ಜೆಲ್ ಬೇಕು. ನೀಲಿ ಡೈ ಕೆಳಗೆ ತಲುಪುವ ಹೊತ್ತಿಗೆ ಪಕ್ಕದಲ್ಲೇ ನಿಂತಿರಿ, ಚಹಾಕ್ಕೆ ಹೋಗಿ ಬರುವಷ್ಟರಲ್ಲಿ ನಿಮ್ಮ ಎಲ್‌ಸಿ3 ಬಫರ್‌ಗೆ ಇಳಿದು ಹೋಗಿರುತ್ತದೆ. ಮೆಂಬ್ರೇನ್ ಪಿವಿಡಿಎಫ್ ತೆಗೆದುಕೊಳ್ಳಿ, ರಂಧ್ರ 0.45 ಅಲ್ಲ, 0.2 ಮೈಕ್ರಾನ್‌ನದು. ಸ್ಯಾಂಪಲ್ಲನ್ನು ಮತ್ತೆ ಮತ್ತೆ ಫ್ರೀಜ್ ಮಾಡಿ ಕರಗಿಸಬೇಡಿ, ಎಲ್‌ಸಿ3-1 ಅಷ್ಟು ಗಟ್ಟಿ ಅಲ್ಲ. ಇದೇ ಕಾರಣಕ್ಕೆ, ಜೊತೆಗೆ ಬಹಳ ಆಂಟಿಬಾಡಿಗಳು ಎರಡನೆಯ ರೂಪವನ್ನೇ ಚೆನ್ನಾಗಿ ಹಿಡಿಯುತ್ತವೆ ಅನ್ನುವ ಕಾರಣಕ್ಕೆ, ಎಲ್‌ಸಿ3-2ನ್ನು ಎಲ್‌ಸಿ3-1ರಿಂದ ಭಾಗಿಸಿ ಗ್ರಾಫ್ ಹಾಕುವುದನ್ನು ಬಿಡಿ. ಆಕ್ಟಿನ್ನೋ ಟ್ಯೂಬುಲಿನ್ನೋ ಲೋಡಿಂಗ್ ಕಂಟ್ರೋಲ್‌ಗೆ ಹೋಲಿಸಿ. ಹೋಲಿಸಬೇಕಾದ ಎಲ್ಲ ಸ್ಯಾಂಪಲ್ ಒಂದೇ ಜೆಲ್‌ನಲ್ಲಿ ಇರಲಿ.

ಪಿ62 ಜೊತೆಗಾರ, ಒಂಟಿಯಾಗಿ ನಂಬಬೇಡಿ

ಪಿ62 ಅನ್ನುವ ಪ್ರೋಟೀನ್ ಒಂದು ಕಡೆ ಕಸವನ್ನು ಹಿಡಿದು ಇನ್ನೊಂದು ಕಡೆ ಎಲ್‌ಸಿ3ಯನ್ನು ಹಿಡಿದು ಚೀಲದೊಳಗೆ ಹೋಗಿ ತಾನೂ ಕರಗುತ್ತದೆ. ಆಟೊಫೇಜಿ ಚೆನ್ನಾಗಿ ನಡೆದರೆ ಪಿ62 ಇಳಿಯಬೇಕು, ತಡೆ ಬಿದ್ದರೆ ಏರಬೇಕು. ಅದೇ ಮೆಂಬ್ರೇನ್ ಕತ್ತರಿಸಿ ಮೇಲಿನ ತುಂಡಿನಲ್ಲಿ ನೋಡಬಹುದು, ಹೆಚ್ಚಿನ ಖರ್ಚಿಲ್ಲ. ಆದರೆ ಕೋಶಕ್ಕೆ ಆಕ್ಸಿಡೇಟಿವ್ ಸ್ಟ್ರೆಸ್ ಆದರೆ ಜೀನುಗಳನ್ನು ಏರಿಸುವ ಎನ್‌ಆರ್‌ಎಫ್2 ಪ್ರೋಟೀನ್ ಮೂಲಕ ಪಿ62 ಜೀನೇ ಜೋರಾಗಿ ಓಡುತ್ತದೆ. ಆಗ ಆಟೊಫೇಜಿ ಸರಿಯಾಗಿಯೇ ನಡೆದರೂ ಪ್ರೋಟೀನ್ ಇಳಿಯುವುದೇ ಇಲ್ಲ. ನಿಮ್ಮ ಡ್ರಗ್ ಕೋಶಕ್ಕೆ ಸ್ಟ್ರೆಸ್ ಕೊಡುವಂಥದ್ದಾದರೆ, ಕ್ಯಾನ್ಸರ್ ಡ್ರಗ್ ಬಹುತೇಕ ಎಲ್ಲವೂ ಕೊಡುತ್ತವೆ, ಪಿ62 ಎಂಆರ್‌ಎನ್‌ಎಯನ್ನೂ ಕ್ಯೂಪಿಸಿಆರ್‌ನಲ್ಲಿ ನೋಡಿ. ಇನ್ನೊಂದು ಮಾತು. ಪಿ62 ಗಂಟು ಕಟ್ಟಿದಾಗ ಟ್ರೈಟಾನ್ ಡಿಟರ್ಜೆಂಟ್‌ನಲ್ಲಿ ಕರಗದೆ ಪೆಲ್ಲೆಟ್‌ಗೆ ಹೋಗಿಬಿಡುತ್ತದೆ, ನೀವು ಸೂಪರ್‌ನೇಟೆಂಟ್ ಮಾತ್ರ ಓಡಿಸಿ ‘ಪಿ62 ಇಳಿಯಿತು’ ಅಂದುಕೊಳ್ಳುತ್ತೀರಿ. ಎಸ್‌ಡಿಎಸ್ ಇರುವ ಬಫರ್‌ನಲ್ಲಿ ನೇರ ಲೈಸಿಸ್ ಮಾಡಿದರೆ ಈ ತಲೆನೋವಿಲ್ಲ.

ಮೈಕ್ರೊಸ್ಕೋಪ್ ಕಡೆ ಹೋಗುವುದಾದರೆ

ಒಂದೊಂದು ಕೋಶ ಹೇಗಿದೆ ಅಂತ ನೋಡಬೇಕು ಅನ್ನುವವರಿಗೆ, ಅಥವಾ ಟ್ರಾನ್ಸ್‌ಫೆಕ್ಷನ್ ಎಲ್ಲ ಕೋಶಕ್ಕೂ ತಗಲುವುದಿಲ್ಲ ಅನ್ನುವವರಿಗೆ ಬ್ಲಾಟ್ ಸಾಲದು. ಹಸಿರಾಗಿ ಹೊಳೆಯುವ ಜಿಎಫ್‌ಪಿ ಪ್ರೋಟೀನನ್ನು ಎಲ್‌ಸಿ3ಗೆ ಜೋಡಿಸಿದ ಸಾದಾ ಜಿಎಫ್‌ಪಿ-ಎಲ್‌ಸಿ3 ಹಾಕಿ ಚುಕ್ಕೆ ಎಣಿಸುವುದು ಹಳೆಯ ದಾರಿ. ಅದು ಕೂಡ ಸಾಲಿನ ಫೋಟೊನೇ, ಬಾಫಿಲೊಮೈಸಿನ್ ಇಲ್ಲಿಯೂ ಬೇಕು. ಟ್ರಾನ್ಸಿಯೆಂಟ್ ಆಗಿ ಹಾಕಿದಾಗ ಜಿಎಫ್‌ಪಿ-ಎಲ್‌ಸಿ3 ಅತಿಯಾಗಿ ತುಂಬಿ, ಆಟೊಫೇಜಿ ಇಲ್ಲದಿದ್ದರೂ ಗಂಟು ಗಂಟಾಗಿ ಹೊಳೆಯುತ್ತದೆ. ಸ್ಟೇಬಲ್ ಲೈನ್ ಮಾಡಿ, ಅದರಲ್ಲೂ ಕಡಿಮೆ ಹೊಳೆಯುವ ಕ್ಲೋನ್ ಆರಿಸಿ. ಇಲ್ಲವೇ ಕೋಶದ ಸ್ವಂತ ಎಲ್‌ಸಿ3ಗೆ ಆಂಟಿಬಾಡಿ ಹಾಕಿ ಇಮ್ಯುನೊ ಮಾಡಿ, ಅದು ಇನ್ನೂ ಒಳ್ಳೆಯದು.

ನನಗೆ ಹೆಚ್ಚು ಇಷ್ಟವಾದದ್ದು ಎರಡು ಬಣ್ಣದ ಟ್ಯಾಂಡಮ್ ಪ್ರೋಬ್, ಎಂಆರ್‌ಎಫ್‌ಪಿ-ಜಿಎಫ್‌ಪಿ-ಎಲ್‌ಸಿ3. ಜಪಾನಿನ ಯೊಶಿಮೋರಿ ಅವರ ಲ್ಯಾಬ್‌ನಿಂದ 2007ರಲ್ಲಿ ಬಂದದ್ದು. ಜಿಎಫ್‌ಪಿ ಹುಳಿಯಲ್ಲಿ ಆರಿಹೋಗುತ್ತದೆ, ಕೆಂಪು ಪ್ರೋಟೀನ್ ತಡೆದುಕೊಳ್ಳುತ್ತದೆ. ಲೈಸೊಸೋಮ್ ಸೇರದ ಚೀಲದಲ್ಲಿ ಎರಡೂ ಹೊಳೆದು ಮರ್ಜ್ ಮಾಡಿದಾಗ ಹಳದಿ ಕಾಣುತ್ತದೆ, ಸೇರಿದ ಮೇಲೆ ಕೆಂಪು ಮಾತ್ರ. ಎರಡೂ ಥರದ ಚುಕ್ಕೆ ಜಾಸ್ತಿಯಾದರೆ ಆಟೊಫೇಜಿ ಏರಿದೆ. ಹಳದಿ ಮಾತ್ರ ಜಾಸ್ತಿಯಾಗಿ ಕೆಂಪು ಇಳಿದರೆ ತಡೆ. ಒಂದೇ ಕೋಶದಲ್ಲಿ, ಇನ್‌ಹಿಬಿಟರ್ ಹಾಕದೆ, ಕಣ್ಣೆದುರೇ ಎರಡೂ ಹಂತ ಕಾಣುತ್ತದೆ. ಕಾನ್‌ಫೋಕಲ್ ಕತ್ತಲೆ ಕೋಣೆಯಲ್ಲಿ ಕೂತು, ಅಮೈನೊ ಆಮ್ಲವಿಲ್ಲದ ಇಬಿಎಸ್‌ಎಸ್ ದ್ರಾವಣದಲ್ಲಿ ಉಪವಾಸ ಹಾಕಿದ ಹೀಲಾ ಕೋಶದ ನ್ಯೂಕ್ಲಿಯಸ್ ಸುತ್ತ ಹಳದಿ ಚುಕ್ಕೆಗಳ ನಡುವೆ ಕೆಂಪು ಚುಕ್ಕೆಗಳು ಗುಂಪುಗೂಡುವುದನ್ನು ಒಮ್ಮೆ ನೋಡಿ. ಪಠ್ಯಪುಸ್ತಕದಲ್ಲಿ ಬಾಣದ ಗುರುತು ಹಾಕಿ ತೋರಿಸುವುದೆಲ್ಲ ಆಗ ನಿಜ ಅನ್ನಿಸುತ್ತದೆ.

ಹಾಗಂತ ಅದರಲ್ಲೂ ಎಚ್ಚರ ಬೇಕು. ಲೈಸೊಸೋಮಿನ ಹುಳಿಯನ್ನೇ ಕಡಿಮೆ ಮಾಡುವ ಡ್ರಗ್ ಆದರೆ, ಚೀಲ ಲೈಸೊಸೋಮ್ ಸೇರಿದ್ದರೂ ಹಳದಿಯಾಗಿಯೇ ಉಳಿಯುತ್ತದೆ. ಸೇರಿಲ್ಲವೋ, ಸೇರಿಯೂ ಹುಳಿ ಇಲ್ಲವೋ ಅಂತ ತಿಳಿಯಲು ಲೈಸೊಸೋಮಿನ ಗುರುತಾದ ಲ್ಯಾಂಪ್1 ಸ್ಟೇನ್ ಮಾಡಿ ಜೊತೆಗಿದೆಯಾ ನೋಡಬೇಕು. ಇನ್ನು ಫಿಕ್ಸ್ ಮಾಡಿದ ಮೇಲೆ ಒಳಗಿನ ಹುಳಿ ಉಳಿಯುವುದಿಲ್ಲ, ಆರಿದ್ದ ಜಿಎಫ್‌ಪಿ ಮತ್ತೆ ಹೊಳೆಯಬಹುದು. ಆದಷ್ಟು ಜೀವಂತ ಕೋಶದಲ್ಲೇ ಇಮೇಜ್ ಮಾಡಿ. ಕಾನ್‌ಫೋಕಲ್ ಸ್ಲಾಟ್ ನಾಳೆಯೇ ಸಿಗುವ ಹಾಗೆ ಇರುವುದಿಲ್ಲ, ಆದ್ದರಿಂದ ಬುಕಿಂಗ್ ಕೈಗೆ ಸಿಕ್ಕ ಮೇಲೆ ಕೋಶ ಸೀಡ್ ಮಾಡಿ.

ನೂರಾರು ಸ್ಯಾಂಪಲ್ ಇದ್ದರೆ

ಕಾಂಪೌಂಡ್ ಲೈಬ್ರರಿ ಸ್ಕ್ರೀನ್ ಮಾಡುವವರಿಗೆ ಚುಕ್ಕೆ ಎಣಿಸುತ್ತ ಕೂರಲು ಆಗದು. ಅವರಿಗೆ ಮಿಜುಶಿಮಾ ಲ್ಯಾಬ್‌ನವರು 2016ರಲ್ಲಿ ಕೊಟ್ಟ ಜಿಎಫ್‌ಪಿ-ಎಲ್‌ಸಿ3-ಆರ್‌ಎಫ್‌ಪಿ-ಎಲ್‌ಸಿ3ಡೆಲ್ಟಾಜಿ ಪ್ರೋಬ್ ಸರಿ. ಹೆಸರು ಉದ್ದ, ಉಪಾಯ ಚೆಂದ. ಕೋಶದೊಳಗೆ ಎಟಿಜಿ4 ಅನ್ನುವ ಕತ್ತರಿಸುವ ಕಿಣ್ವ ಇದನ್ನು ಎರಡು ತುಂಡು ಮಾಡುತ್ತದೆ, ಎರಡೂ ಸಮ ಪ್ರಮಾಣದಲ್ಲಿ ಸಿಗುತ್ತವೆ. ಹಸಿರು ತುಂಡು ಆಟೊಫೇಜಿಯಲ್ಲಿ ಕರಗುತ್ತದೆ. ಕೆಂಪು ತುಂಡಿಗೆ ಪೊರೆಗೆ ಅಂಟುವ ಕೊನೆಯೇ ಇಲ್ಲ, ಅದು ಸೈಟೊಸಾಲ್‌ನಲ್ಲೇ ಉಳಿದು ಅಳತೆಗೆ ಆಧಾರವಾಗುತ್ತದೆ. ಹಸಿರನ್ನು ಕೆಂಪಿನಿಂದ ಭಾಗಿಸಿ, ಇಳಿದರೆ ಫ್ಲಕ್ಸ್ ಏರಿದೆ. ಪ್ಲೇಟ್ ರೀಡರ್ ಸಾಕು, ಫ್ಲೋ ಸೈಟೊಮೀಟರ್ ಇದ್ದರೆ ಇನ್ನೂ ಚೆನ್ನ. ತೊಂದರೆ ಎರಡು. ಅನುಪಾತ ನಿಧಾನವಾಗಿ ಇಳಿಯುತ್ತದೆ, ಹಾಗಾಗಿ ಅರ್ಧ ಗಂಟೆಯಲ್ಲಿ ಏನಾಯಿತು ಅನ್ನುವ ಪ್ರಶ್ನೆಗೆ ಇದು ಆಗಿಬರುವುದಿಲ್ಲ. ಮತ್ತೆ, ಪ್ರೋಬ್‌ನಲ್ಲಿ ಎಲ್‌ಸಿ3 ಎರಡು ಸಲ ಬರುವುದರಿಂದ ಜೀನೋಮ್ ಸೇರುವಾಗ ಎರಡರ ನಡುವೆ ರೀಕಾಂಬಿನೇಶನ್ ಆಗಿ ಮಧ್ಯದ ತುಂಡು ಹಾರಿಹೋಗಬಹುದು, ಕ್ಲೋನ್ ಒಂದೊಂದನ್ನೂ ಪರೀಕ್ಷಿಸಿಯೇ ತೆಗೆದುಕೊಳ್ಳಬೇಕು.

2022ರಲ್ಲಿ ಬಂದ ಹೇಲೊ ಟ್ಯಾಗ್ ವಿಧಾನವೂ ನೋಡುವಂಥದ್ದು. ಹೇಲೊ-ಎಲ್‌ಸಿ3 ಇರುವ ಕೋಶಕ್ಕೆ ಬಣ್ಣದ ಲಿಗ್ಯಾಂಡ್ ಸ್ವಲ್ಪ ಹೊತ್ತು ಕೊಟ್ಟು ತೊಳೆಯುತ್ತಾರೆ. ಲಿಗ್ಯಾಂಡ್ ಕೂತ ಹೇಲೊ ಭಾಗ ಲೈಸೊಸೋಮ್‌ನಲ್ಲೂ ಕರಗುವುದಿಲ್ಲ, ಎಲ್‌ಸಿ3 ಭಾಗ ಕರಗುತ್ತದೆ. ಉಳಿದ ಹೇಲೊ ತುಂಡು ಜೆಲ್‌ನಲ್ಲಿ ಬೇರೆ ಬ್ಯಾಂಡಾಗಿ ಕಾಣುತ್ತದೆ, ಆಂಟಿಬಾಡಿಯೇ ಬೇಡ. ಇನ್‌ಹಿಬಿಟರ್ ಬೇಡ, ಸಂಖ್ಯೆ ಶುದ್ಧ. ಲಿಗ್ಯಾಂಡ್ ದುಬಾರಿ, ಜೆಲ್ ಸ್ಕ್ಯಾನ್ ಮಾಡುವ ಫ್ಲೋರೊಸೆಂಟ್ ಇಮೇಜರ್ ಬೇಕು. ಎರಡೂ ಇದ್ದರೆ ಟ್ಯಾಂಡಮ್‌ಗಿಂತ ಇದನ್ನೇ ಮೊದಲು ಮಾಡಿ ಅನ್ನುತ್ತೇನೆ.

ಮೈಟೊಕಾಂಡ್ರಿಯ ಮಾತ್ರ ಹೇಗೆ ಹೋಗುತ್ತದೆ ಅಂತ ಬೇಕಾದವರು ಎಂಟಿ-ಕೀಮಾ ನೋಡಿ, ಅದು ಮೈಟೊಕಾಂಡ್ರಿಯದಲ್ಲಿ ಕೂತು ಹುಳಿಗೆ ತಕ್ಕಂತೆ ಹೊಳಪು ಬದಲಿಸುವ ಪ್ರೋಬ್. ಅದು ಫಿಕ್ಸ್ ಮಾಡಿದ ಕೋಶದಲ್ಲಿ ನಡೆಯುವುದಿಲ್ಲ.

ಎಲೆಕ್ಟ್ರಾನ್ ಮೈಕ್ರೊಸ್ಕೋಪ್ ಮತ್ತು ರೇಡಿಯೊಆಕ್ಟಿವ್ ದಾರಿ

ಎರಡು ಪದರದ ಪೊರೆ, ಒಳಗೆ ಅರ್ಧ ಮುರಿದ ಮೈಟೊಕಾಂಡ್ರಿಯ, ಇದನ್ನು ಕಣ್ಣಾರೆ ತೋರಿಸುವುದು ಟಿಇಎಂ, ಅಂದರೆ ಟ್ರಾನ್ಸ್‌ಮಿಷನ್ ಎಲೆಕ್ಟ್ರಾನ್ ಮೈಕ್ರೊಸ್ಕೋಪ್ ಒಂದೇ. ಎಲ್‌ಸಿ3 ಅಂಟಿರುವುದು ನಿಜವಾದ ಆಟೊಫೇಗೊಸೋಮ್‌ಗೋ ಬೇರೆ ಪೊರೆಗೋ ಅನ್ನುವ ಅನುಮಾನ ಬಂದಾಗ ಇದಕ್ಕೆ ಹೋಗಬೇಕು. ನಿಮ್ಮ ಸಂಸ್ಥೆಯಲ್ಲಿ ಟಿಇಎಂ ಇಲ್ಲ ಅಂತ ಬಿಡಬೇಡಿ. ಮುಂಬಯಿಯಲ್ಲಿ ಪೊವಾಯಿಯ ಐಐಟಿ ಬಾಂಬೆಯ ಸೈಫ್ ಉಪಕರಣ ಕೇಂದ್ರದಂಥ ಕಡೆ ಹೊರಗಿನವರ ಸ್ಯಾಂಪಲ್ಲನ್ನೂ ಶುಲ್ಕ ತೆಗೆದುಕೊಂಡು ನೋಡಿಕೊಡುತ್ತಾರೆ. ಗ್ಲುಟರಾಲ್ಡಿಹೈಡ್‌ನಲ್ಲಿ ಫಿಕ್ಸ್ ಮಾಡುವ ಮೊದಲೇ ಅಲ್ಲಿಯವರ ಜೊತೆ ಮಾತಾಡಿ, ಅವರ ಪ್ರೋಟೊಕಾಲ್ ಪ್ರಕಾರವೇ ಮಾಡಿ. ಆದರೆ ಇದು ಕೂಡ ನಿಂತ ಚಿತ್ರವೇ. ಜೊತೆಗೆ, ಊದಿಕೊಂಡ ಮೈಟೊಕಾಂಡ್ರಿಯ, ಸುರುಳಿ ಸುತ್ತಿದ ಇಆರ್ (ಕೋಶದೊಳಗಿನ ಪೊರೆಯ ಜಾಲ) ಎಲ್ಲವೂ ಹೊಸಬರ ಕಣ್ಣಿಗೆ ಆಟೊಫೇಗೊಸೋಮ್ ಥರ ಕಾಣುತ್ತವೆ. ಹಾಗಾಗಿ ನೋಡಿ ಪಳಗಿದವರ ಪಕ್ಕ ಕೂತೇ ಎಣಿಸಿ.

ಇನ್ನು ಬಹಳಕಾಲ ಬಾಳುವ ಪ್ರೋಟೀನ್‌ಗಳ ಕರಗುವಿಕೆ. ಕಾರ್ಬನ್-14 ವೇಲಿನ್ ಕೊಟ್ಟು ಪ್ರೋಟೀನುಗಳಿಗೆ ಗುರುತು ಹಾಕುತ್ತಾರೆ, ಸಾದಾ ವೇಲಿನ್‌ನಲ್ಲಿ ಇಟ್ಟು ಬೇಗ ಕರಗುವವು ಹೋಗಲಿ ಅಂತ ಕಾಯುತ್ತಾರೆ, ಆಮೇಲೆ ಟಿಸಿಎ ಅನ್ನುವ ಆಮ್ಲದಲ್ಲಿ ಕರಗಿ ಉಳಿಯುವ ರೇಡಿಯೊಆಕ್ಟಿವಿಟಿ ಎಷ್ಟು ಅಂತ ಎಣಿಸುತ್ತಾರೆ. ಕೆಲಸ ಮುಗಿದು ಹೊರಬಿದ್ದದ್ದನ್ನು ಅಳೆಯುವ ವಿಧಾನ ಇದು, ಸಂಖ್ಯೆಯ ದೃಷ್ಟಿಯಿಂದ ಬಹಳ ನಂಬಿಕಸ್ತ. ಪ್ರೋಟೀನ್ ಒಡೆಯುವ ಇನ್ನೊಂದು ಯಂತ್ರವಾದ ಪ್ರೋಟಿಯಸೋಮ್‌ನ ಪಾಲನ್ನು ಬೇರ್ಪಡಿಸಲು ಬಾಫಿಲೊಮೈಸಿನ್ ಅಥವಾ ಎಟಿಜಿ5 ನಾಕೌಟ್ (ಆಟೊಫೇಜಿಗೆ ಬೇಕಾದ ಆ ಜೀನ್ ತೆಗೆದ ಕೋಶ) ಜೊತೆಗಿಡಬೇಕು. ಅಣುಶಕ್ತಿನಗರದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಎಇಆರ್‌ಬಿಯಿಂದ ಅನುಮತಿ ಇರುವ ಲ್ಯಾಬ್‌ನಲ್ಲೇ ಮಾಡಬೇಕು. ಆರು ತಿಂಗಳ ಪ್ರಾಜೆಕ್ಟ್‌ಗೆ ಬಂದವರು ಇದರ ಕಡೆ ಹೋಗಬೇಡಿ.

ಎಂಡಿಸಿ, ಆಕ್ರಿಡಿನ್ ಆರೆಂಜ್, ಲೈಸೊಟ್ರ್ಯಾಕರ್ ಅನ್ನುವ ಬಣ್ಣಗಳ ಬಗ್ಗೆ ಬಹಳ ಜನ ಕೇಳುತ್ತಾರೆ. ಅಗ್ಗ, ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಅವು ತೋರಿಸುವುದು ಹುಳಿ ಇರುವ ಚೀಲಗಳನ್ನು, ಆಟೊಫೇಜಿಯನ್ನಲ್ಲ. ಅದೊಂದರ ಮೇಲೆ ಪೇಪರ್ ಬರೆಯಲು ಹೊರಟವರನ್ನು ದಯವಿಟ್ಟು ತಡೆಯಿರಿ.

ಹಾಗಾದರೆ ಏನು ಮಾಡೋದು?

ಕೈಯಲ್ಲಿ ಆರು ತಿಂಗಳು, ಬ್ಲಾಟ್ ಸೆಟ್‌ಅಪ್, ಕಡಿಮೆ ದುಡ್ಡು: ಬಾಫಿಲೊಮೈಸಿನ್ ಜೊತೆ ನಾಲ್ಕು ಲೇನಿನ ಎಲ್‌ಸಿ3, ಅದೇ ಮೆಂಬ್ರೇನ್‌ನಲ್ಲಿ ಪಿ62, ಜೊತೆಗೆ ಸ್ವಂತ ಎಲ್‌ಸಿ3ಯ ಇಮ್ಯುನೊ. ಇಷ್ಟೇ ಸಾಕು, ಇದನ್ನು ಚೆನ್ನಾಗಿ ಮಾಡಿ. ಪಿಎಚ್‌ಡಿಗೆ ಬಂದಿದ್ದು ಕಾನ್‌ಫೋಕಲ್ ಹತ್ತಿರ ಇದ್ದರೆ ಮೊದಲ ವರ್ಷವೇ ಟ್ಯಾಂಡಮ್ ಅಥವಾ ಹೇಲೊ ಸ್ಟೇಬಲ್ ಲೈನ್ ಕಟ್ಟಿಕೊಳ್ಳಿ, ಮುಂದೆ ನಾಲ್ಕು ವರ್ಷ ಅದು ದುಡಿಯುತ್ತದೆ. ಸ್ಕ್ರೀನ್ ಮಾಡುವವರು ಡೆಲ್ಟಾಜಿ ಪ್ರೋಬ್‌ನಲ್ಲಿ ಹಿಟ್ ಹುಡುಕಿ, ಸಿಕ್ಕ ಹಿಟ್ಟುಗಳನ್ನು ಬ್ಲಾಟ್‌ನಲ್ಲಿ ಮತ್ತೆ ನೋಡಿ.

ಯಾವುದೇ ಇರಲಿ, ಪಾಸಿಟಿವ್ ಕಂಟ್ರೋಲ್ ಇಲ್ಲದೆ ಶುರು ಮಾಡಬೇಡಿ. ಇಬಿಎಸ್‌ಎಸ್‌ನಲ್ಲಿ ಎರಡು ಗಂಟೆ ಉಪವಾಸ, ಅಥವಾ ಎಮ್‌ಟಾರ್ ತಡೆಯುವ ಟೊರಿನ್1 ಸುಮಾರು 250 ನ್ಯಾನೊಮೋಲಾರ್. ನಿಮ್ಮ ಕೈಯಲ್ಲಿ ಅದಕ್ಕೇ ಫ್ಲಕ್ಸ್ ಏರದಿದ್ದರೆ ಡ್ರಗ್ ಬಗ್ಗೆ ಮಾತಾಡುವ ಹಾಗಿಲ್ಲ. ನೆಗೆಟಿವ್‌ಗೆ ಎಟಿಜಿ5 ಅಥವಾ ಎಟಿಜಿ7 ನಾಕೌಟ್ ಸಿಕ್ಕರೆ ಬಹಳ ಒಳ್ಳೆಯದು. ಆಟೊಫೇಜಿ ತಡೆಯಲು ಬಳಸುವ 3-ಎಂಎ ಮಾತ್ರ ಕಣ್ಣುಮುಚ್ಚಿ ಹಾಕಬೇಡಿ, ಪೂರ್ತಿ ಮೀಡಿಯಾದಲ್ಲಿ ತುಂಬ ಹೊತ್ತು ಇಟ್ಟರೆ ಅದೇ ಆಟೊಫೇಜಿಯನ್ನು ಏರಿಸುತ್ತದೆ. ಕೋಶಗಳ ಸಾಂದ್ರತೆ ಎಲ್ಲ ಪ್ಲೇಟ್‌ನಲ್ಲೂ ಒಂದೇ ಇರಲಿ. ತಳ ತುಂಬಿ ಬೆಳೆದು ಮೀಡಿಯಾ ಹಳದಿಯಾದ ಪ್ಲೇಟ್‌ನಲ್ಲಿ ನೀವು ಏನೂ ಹಾಕದಿದ್ದರೂ ಕೋಶಗಳು ಅರ್ಧ ಉಪವಾಸದಲ್ಲೇ ಇರುತ್ತವೆ. ಹಿಂದಿನ ದಿನ ಮೀಡಿಯಾ ಬದಲಿಸಿದ್ದು ಯಾವ ಪ್ಲೇಟಿಗೆ, ಯಾವಾಗ ಅಂತ ನೋಟ್‌ಬುಕ್‌ನಲ್ಲಿ ಬರೆದಿಡಿ. ಸೆಲ್ ಲೈನ್ ಪಕ್ಕದ ಲ್ಯಾಬ್‌ನಿಂದ ಕೇಳಿ ತರುವ ಬದಲು ಗಣೇಶಖಿಂಡದ ಎನ್‌ಸಿಸಿಎಸ್ (ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರ) ರೆಪಾಸಿಟರಿಯಿಂದಲೇ ತರಿಸಿ. ಎಲ್ಲಿಂದ ತಂದರೂ ಮೈಕೊಪ್ಲಾಸ್ಮಾ ಟೆಸ್ಟ್ ಮಾಡಿಯೇ ಕೆಲಸ ಶುರು ಮಾಡಿ.

ಕ್ಲಿಯನ್‌ಸ್ಕಿ ಮತ್ತು ಜಗತ್ತಿನ ಎಷ್ಟೋ ಲ್ಯಾಬ್‌ನವರು ಸೇರಿ ಬರೆದ, ಆಟೊಫೇಜಿ ಅಳೆಯುವ ಮಾರ್ಗಸೂಚಿ 2008ರಿಂದ ಪರಿಷ್ಕಾರ ಆಗುತ್ತ ಬಂದಿದೆ, ನಾಲ್ಕನೆಯದು 2021ರದ್ದು. ನೂರಾರು ಪುಟ ಇದೆ ಅಂತ ಹೆದರಬೇಡಿ. ಎಲ್‌ಸಿ3 ಬ್ಲಾಟ್ ಮತ್ತು ಫ್ಲಕ್ಸ್ ಕುರಿತ ಭಾಗಗಳನ್ನು ಮಾತ್ರ ಪ್ರಿಂಟ್ ತೆಗೆದು ಓದಿ, ಅದಾದ ಮೇಲೆ ಆಂಟಿಬಾಡಿ ಆರ್ಡರ್ ಮಾಡಿ. ಹೊರದೇಶದಿಂದ ಬರುವ ಆಂಟಿಬಾಡಿಗೆ ವಾರಗಟ್ಟಲೆ ಕಾಯಬೇಕಾಗುತ್ತದೆ, ಹಾಗಾಗಿ ಬಾಫಿಲೊಮೈಸಿನ್ನನ್ನೂ ಅದೇ ಆರ್ಡರ್‌ಗೆ ಸೇರಿಸಿಬಿಡಿ.